ತೂಕಕ್ಕಲ್ಲ, ಕೈಕೆಲಸಕ್ಕೆ ಬೆಲೆ ತಂದ ಆರ್ಲೀನ್ ಫಿಶ್

ಅಮೆರಿಕದ ಕಾಲೇಜಿನಲ್ಲಿ 39 ವರ್ಷ ಅಕ್ಕಸಾಲಿ ವಿದ್ಯೆ ಕಲಿಸಿದ ಪ್ರಾಧ್ಯಾಪಿಕೆ

ಮದುವೆ ಮನೆಯಲ್ಲಿ ಹೊಸ ಸರವೊಂದು ಕಣ್ಣಿಗೆ ಬಿದ್ದರೆ ಊರಿನಲ್ಲಿ ನಮ್ಮವರು ಮೊದಲು ಕೇಳುವುದು 'ಎಷ್ಟು ಪವನಿನದು?' ಎಂದು. ಮುಂಬಯಿಯಲ್ಲಿ ನೆಲೆನಿಂತವರ ಬಾಯಲ್ಲಿ ಅದು 'ಎಷ್ಟು ತೊಲೆ?' ಆಗುತ್ತದೆ, ಅಷ್ಟೇ ವ್ಯತ್ಯಾಸ. ಮಾಡಿದವರು ಯಾರೆಂದು ಕೇಳುವವರು ಕಡಿಮೆ. ಕೇಳಿದರೂ ಅಂಗಡಿಯ ಹೆಸರು ಸಿಗುತ್ತದೆಯೇ ಹೊರತು ಕೆಲಸ ಮಾಡಿದ ಕೈಯ ಹೆಸರು ಸಿಗುವುದಿಲ್ಲ. ಒಡವೆ ಅಡವಿಡಲು ಬ್ಯಾಂಕಿಗೆ ಹೋದಾಗ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಹರಳು, ಅರಗು ಎಲ್ಲವನ್ನೂ ಕಳೆದು ಉಳಿಯುವ ನಿವ್ವಳ ತೂಕದ ಮೇಲೆ ಸಾಲ ಮಂಜೂರಾಗುತ್ತದೆ. ಅಕ್ಕಸಾಲಿ ವಾರಗಟ್ಟಲೆ ಕಣ್ಣು ನೆಟ್ಟು ಮಾಡಿದ ಕುಸುರಿ ಕೆಲಸಕ್ಕೆ ಆ ಲೆಕ್ಕದಲ್ಲಿ ನಯಾಪೈಸೆಯ ಸ್ಥಾನವೂ ಇಲ್ಲ.

ಇದಕ್ಕೆ ಪೂರ್ತಿ ವಿರುದ್ಧವಾದ ಲೆಕ್ಕವನ್ನು ಹಿಡಿದು ಬದುಕಿದ ಕಲಾವಿದೆಯೊಬ್ಬರ ಪರಿಚಯ ಇಲ್ಲಿದೆ. ಅಮೆರಿಕದ ಆರ್ಲೀನ್ ಫಿಶ್ ಅವರು ಬೆಳ್ಳಿ, ಬಂಗಾರ, ಕೊನೆಗೆ ತಾಮ್ರದ ತಂತಿಯನ್ನೂ ನೂಲಿನಂತೆ ಹೆಣೆದು, ನೇಯ್ದು ಆಭರಣ ಮಾಡಿದವರು. ಮಾಡಿದ್ದಷ್ಟೇ ಅಲ್ಲ, 1961ರಿಂದ 2000ದವರೆಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ಅದನ್ನು ಕಾಲೇಜು ವಿದ್ಯಾರ್ಥಿಗಳಿಗೆ ಕಲಿಸಿದರು, ಕಲಿಸಿದ್ದನ್ನು ಪುಸ್ತಕವಾಗಿಯೂ ಬರೆದಿಟ್ಟರು. ಅವರ ಆಭರಣಗಳನ್ನು ತಕ್ಕಡಿಗೆ ಹಾಕಿದರೆ ಹೇಳಿಕೊಳ್ಳುವ ತೂಕವಿಲ್ಲ. ಆದರೂ ವಸ್ತುಸಂಗ್ರಹಾಲಯಗಳು ಅವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡುತ್ತಿವೆ. ಇದು ಹೇಗೆ ಸಾಧ್ಯವಾಯಿತು ಎನ್ನುವುದು ಚಿನ್ನದ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವ ನಾವು ತಿಳಿದುಕೊಳ್ಳಬೇಕಾದ ವಿಷಯ.

ಕುಲಕಸುಬಿಲ್ಲದ ದೇಶದಲ್ಲಿ

ನಮ್ಮಲ್ಲಿ ಅಕ್ಕಸಾಲಿ ವಿದ್ಯೆ ಮನೆತನದ ಸೊತ್ತು. ತಂದೆ ಅಗ್ಗಿಷ್ಟಿಕೆಯ ಮುಂದೆ ಕುಳಿತರೆ ಮಗ ಊದುಗೊಳವೆ ಹಿಡಿದು ಪಕ್ಕದಲ್ಲಿ ಕೂರುತ್ತಾನೆ. ಶಾಲೆಗೆ ಹೋಗುವ ಮೊದಲೇ ಬೆಂಕಿಯ ಬಣ್ಣ ನೋಡಿ ಬೆಸುಗೆ ಹರಿಯುವ ಹೊತ್ತನ್ನು ಗುರುತಿಸಲು ಕಲಿತಿರುತ್ತಾನೆ. ಅಮೆರಿಕದಲ್ಲಿ ಈ ವ್ಯವಸ್ಥೆ ಇರಲಿಲ್ಲ. ಹಿಂದೆ ಬಾಸ್ಟನ್‌ನ ಪಾಲ್ ರಿವಿಯರ್ ಅವರಂಥ ಹೆಸರುವಾಸಿ ಬೆಳ್ಳಿ ಕೆಲಸಗಾರರು ಆಗಿಹೋಗಿದ್ದರೂ, ಕಾರ್ಖಾನೆಗಳು ಬಂದ ಮೇಲೆ ಕೈಕೆಲಸ ಮೂಲೆ ಸೇರಿತ್ತು. ಎರಡನೇ ಮಹಾಯುದ್ಧ ಮುಗಿಯುವಾಗ ಕೈಯಲ್ಲಿ ಒಂದು ಬೆಳ್ಳಿ ಬಟ್ಟಲನ್ನು ಬಡಿದು ಎತ್ತಬಲ್ಲವರನ್ನು ಅಲ್ಲಿ ಹುಡುಕಬೇಕಾದ ಸ್ಥಿತಿ ಇತ್ತು.

ಯುದ್ಧವೇ ಅದಕ್ಕೆ ಪರಿಹಾರವನ್ನೂ ತಂದಿತು ಎನ್ನಬೇಕು. ಗಾಯಗೊಂಡು ಆಸ್ಪತ್ರೆ ಸೇರಿದ ಸೈನಿಕರ ಕೈಬೆರಳುಗಳಿಗೆ ಮತ್ತೆ ಚಲನೆ ಬರಲೆಂದು ಲೋಹದ ಕೆಲಸ ಕಲಿಸುವ ಏರ್ಪಾಡು ಆಯಿತು. ಅದರ ಮುಂದಾಳತ್ವ ವಹಿಸಿದವರು ಮಾರ್ಗರೆಟ್ ಕ್ರೇವರ್ ಎಂಬ ಬೆಳ್ಳಿ ಕೆಲಸದ ಕಲಾವಿದೆ. ಬೆನ್ನಿಗೆ ನಿಂತದ್ದು ಹ್ಯಾಂಡಿ ಆಂಡ್ ಹಾರ್ಮನ್ ಎಂಬ ಬೆಳ್ಳಿ-ಬಂಗಾರ ಶುದ್ಧೀಕರಣದ ಕಂಪನಿ. 1947ರಿಂದ 1951ರವರೆಗೆ ಇದೇ ಕಂಪನಿಯ ಪ್ರಾಯೋಜಕತ್ವದಲ್ಲಿ ಕಲಾ ಅಧ್ಯಾಪಕರಿಗಾಗಿ ಐದು ಬೇಸಿಗೆ ಶಿಬಿರಗಳು ನಡೆದವು. ಕಲಿಸಲು ಯುರೋಪಿನಿಂದ ಪರಿಣತರನ್ನು ಕರೆಸಲಾಯಿತು. ಅಲ್ಲಿ ಕಲಿತ ಅಧ್ಯಾಪಕರು ತಮ್ಮ ತಮ್ಮ ಕಾಲೇಜುಗಳಿಗೆ ಮರಳಿ ಲೋಹ ಕೆಲಸದ ವಿಭಾಗಗಳನ್ನು ಬೆಳೆಸಿದರು. ಇನ್ನೊಂದೆಡೆ, ಯುದ್ಧದಿಂದ ಮರಳಿದವರ ಓದಿನ ಖರ್ಚನ್ನು ಸರಕಾರವೇ ಹೊತ್ತಿದ್ದರಿಂದ ಕಾಲೇಜುಗಳು ತುಂಬಿ ತುಳುಕುತ್ತಿದ್ದವು. ಹೀಗೆ ಅಕ್ಕಸಾಲಿ ವಿದ್ಯೆ ಆ ದೇಶದಲ್ಲಿ ಮನೆಯಿಂದಲ್ಲ, ವಿಶ್ವವಿದ್ಯಾಲಯದ ಬಾಗಿಲಿನಿಂದ ಒಳಗೆ ಬಂತು. ಯಾರ ಮಗ, ಯಾರ ಮಗಳು ಎಂದು ಆ ಬಾಗಿಲಲ್ಲಿ ಕೇಳುವವರಿರಲಿಲ್ಲ.

ಇದೇ ಕಾಲದಲ್ಲಿ 'ಸ್ಟುಡಿಯೋ ಆಭರಣ' ಎಂಬ ಮಾತೂ ಬೇರೂರಿತು. ವಿನ್ಯಾಸ ಮಾಡಿದವರೇ ಸ್ವಂತ ಕೈಯಿಂದ ಮಾಡುವ, ಒಂದರಂತೆ ಇನ್ನೊಂದಿಲ್ಲದ ಆಭರಣವೆಂದು ಇದರ ಅರ್ಥ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ 1946ರಲ್ಲೇ ಕೈಯಿಂದ ಮಾಡಿದ ಆಧುನಿಕ ಆಭರಣಗಳ ಪ್ರದರ್ಶನ ನಡೆದಿತ್ತು. ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ಹಿತ್ತಾಳೆಯ ತಂತಿ ಬಡಿದು ಮಾಡಿದ ಕಂಠಹಾರಗಳು ಕಲಾಲೋಕದಲ್ಲಿ ಹೆಸರು ಮಾಡಿದ್ದವು. ಹಿತ್ತಾಳೆಯ ಹಾರ! ನಮ್ಮ ಕಡೆ ಹೆಣ್ಣಿನ ಮನೆಯವರು ತಂದಿದ್ದರೆ ಸಂಬಂಧ ಮುರಿದುಬೀಳುತ್ತಿತ್ತು.

ಬ್ರೂಕ್ಲಿನ್‌ನಿಂದ ಕೋಪನ್‌ಹೇಗನ್‌ಗೆ

ಆರ್ಲೀನ್ ಫಿಶ್ ಹುಟ್ಟಿದ್ದು 1931ರ ಆಗಸ್ಟ್ 21ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. 1952ರಲ್ಲಿ ಸ್ಕಿಡ್‌ಮೋರ್ ಕಾಲೇಜಿನಿಂದ ಕಲಾ ಪದವಿ, 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ ಪಡೆದರು. ಬಳಿಕ ಮ್ಯಾಸಚೂಸೆಟ್ಸ್‌ನ ವೀಟನ್ ಕಾಲೇಜಿನಲ್ಲಿ ಎರಡು ವರ್ಷ ಕಲೆ ಕಲಿಸಿದರು. ಕೈಯಲ್ಲಿ ಎರಡು ಪದವಿ, ಕಾಯಂ ಕೆಲಸ ಇದ್ದರೂ ಲೋಹದ ಕೆಲಸದಲ್ಲಿ ಕೈ ಇನ್ನೂ ಪಳಗಬೇಕಾಗಿತ್ತು. 1956ರಲ್ಲಿ ಅವರು ಫುಲ್‌ಬ್ರೈಟ್ ಅನುದಾನ ಪಡೆದು ಡೆನ್ಮಾರ್ಕಿಗೆ ಹೊರಟರು.

ಡೆನ್ಮಾರ್ಕೇ ಯಾಕೆ ಎಂಬ ಪ್ರಶ್ನೆಗೆ ಉತ್ತರ ಸುಲಭ. ಜಾರ್ಜ್ ಯೆನ್ಸನ್ 1904ರಲ್ಲಿ ಕೋಪನ್‌ಹೇಗನ್‌ನಲ್ಲಿ ಸ್ಥಾಪಿಸಿದ ಬೆಳ್ಳಿ ಕಾರ್ಯಾಗಾರದ ಹೆಸರು ಅಷ್ಟರಲ್ಲಿ ಜಗತ್ತಿಗೆಲ್ಲ ಹಬ್ಬಿತ್ತು. ಅಲ್ಲಿ ಗುರುವಿನ ಕೈಕೆಳಗೆ ವರ್ಷಗಟ್ಟಲೆ ಉಮೇದುವಾರಿ ಮಾಡಿ ಕಸುಬು ಕಲಿಯುವ ಪದ್ಧತಿ ಇನ್ನೂ ಗಟ್ಟಿಯಾಗಿ ಉಳಿದಿತ್ತು. ಫಿಶ್ ಕೋಪನ್‌ಹೇಗನ್‌ನ ಕಲೆ ಮತ್ತು ಕರಕುಶಲ ಶಾಲೆ ಸೇರಿ, ಶಾಲೆಯ ಜತೆಗೆ ಕಸುಬಿನವರ ಕಾರ್ಯಾಗಾರದಲ್ಲೂ ಪಳಗಿದರು. ಹಗಲು ಕೆಲಸ ಮಾಡಿ ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ಮುಂಬಯಿ ಕನ್ನಡಿಗರಿಗೆ ಈ ಎರಡು ದೋಣಿಯ ಪಯಣದ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರು ಮುಂದೆ 1966-67ರಲ್ಲಿ ಎರಡನೇ ಬಾರಿ ಡೆನ್ಮಾರ್ಕಿಗೆ ಹೋದರು. ವೃತ್ತಿಜೀವನದಲ್ಲಿ ಒಟ್ಟು ನಾಲ್ಕು ಬಾರಿ ಫುಲ್‌ಬ್ರೈಟ್ ಅನುದಾನ ಪಡೆದದ್ದು ಅವರ ಹಿರಿಮೆ.

1957ರಲ್ಲಿ ತಾಯ್ನಾಡಿಗೆ ಮರಳಿ ತಾವು ಓದಿದ ಸ್ಕಿಡ್‌ಮೋರ್ ಕಾಲೇಜಿನಲ್ಲೇ ನಾಲ್ಕು ವರ್ಷ ಪಾಠ ಹೇಳಿದರು. 1961ರಲ್ಲಿ ಅಂದಿನ ಸ್ಯಾನ್ ಡಿಯಾಗೊ ಸ್ಟೇಟ್ ಕಾಲೇಜಿಗೆ ಬಂದರು. ಮುಂದೆ ವಿಶ್ವವಿದ್ಯಾಲಯವಾದ ಆ ಸಂಸ್ಥೆಯಲ್ಲಿ ಆಭರಣ ಮತ್ತು ಲೋಹ ಕೆಲಸದ ವಿಭಾಗವನ್ನು ಬುಡದಿಂದ ಕಟ್ಟಿದವರು ಅವರೇ.

ಅದೇ ಹೊತ್ತಿಗೆ ನಮ್ಮಲ್ಲಿ

ಇಲ್ಲೊಂದು ಮಾತನ್ನು ನೆನಪಿಸಿಕೊಳ್ಳದೆ ಮುಂದೆ ಹೋಗುವುದು ಸರಿಯಲ್ಲ. ಸ್ಯಾನ್ ಡಿಯಾಗೊದಲ್ಲಿ ಅಕ್ಕಸಾಲಿ ವಿದ್ಯೆಗೆ ಹೊಸ ತರಗತಿ ತೆರೆದ ಮರುವರ್ಷಗಳಲ್ಲೇ ಭಾರತದಲ್ಲಿ ಅಕ್ಕಸಾಲಿಗರ ಅಂಗಡಿಗಳು ಮುಚ್ಚತೊಡಗಿದ್ದವು. 1963ರ ಜನವರಿಯಲ್ಲಿ ಜಾರಿಯಾದ ಚಿನ್ನ ನಿಯಂತ್ರಣ ನಿಯಮದ ಪ್ರಕಾರ 14 ಕ್ಯಾರೆಟ್‌ಗಿಂತ ಹೆಚ್ಚು ಶುದ್ಧತೆಯ ಹೊಸ ಒಡವೆ ಮಾಡುವಂತಿರಲಿಲ್ಲ. ಮೊರಾರ್ಜಿ ದೇಸಾಯಿ ಆಗ ಕೇಂದ್ರದ ಅರ್ಥ ಸಚಿವರು. 22 ಕ್ಯಾರೆಟ್‌ಗೆ ಒಗ್ಗಿದ ಗಿರಾಕಿ 14ರ ಒಡವೆಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ದೇಶದ ಉದ್ದಗಲಕ್ಕೆ ಅಸಂಖ್ಯ ಅಕ್ಕಸಾಲಿಗರು ಕೆಲಸವಿಲ್ಲದೆ ಕುಳಿತರು, ಹಲವರು ಸುತ್ತಿಗೆ ಇಕ್ಕುಳ ಬದಿಗಿಟ್ಟು ಬೇರೆ ದಾರಿ ಹಿಡಿದರು. ಕ್ಯಾರೆಟ್ ಮಿತಿ 1966ರಲ್ಲಿ ತೆರವಾದರೂ 1968ರಲ್ಲಿ ಚಿನ್ನ ನಿಯಂತ್ರಣ ಕಾಯಿದೆಯೇ ಬಂತು, ಅದು ರದ್ದಾಗಲು 1990 ಆಗಬೇಕಾಯಿತು. ಅಮೆರಿಕದಲ್ಲೂ ಸ್ವಾತಂತ್ರ್ಯ ಪೂರ್ತಿ ಇರಲಿಲ್ಲ. 1933ರಿಂದ 1974ರ ಕೊನೆಯವರೆಗೆ ಅಲ್ಲಿನ ಪ್ರಜೆಗಳು ಚಿನ್ನದ ಗಟ್ಟಿ ಇಟ್ಟುಕೊಳ್ಳುವುದಕ್ಕೆ ನಿರ್ಬಂಧವಿತ್ತು. ಆದರೆ ಆಭರಣಕ್ಕೆ, ಕಸುಬಿನವರ ಕೆಲಸಕ್ಕೆ ಅದರಿಂದ ವಿನಾಯಿತಿ ಇತ್ತು. ಇಲ್ಲಿ ಏಟು ಬಿದ್ದದ್ದು ಕೈಕೆಲಸದವನ ಮೇಲೆ.

ತಂತಿಯೇ ನೂಲು

ಫಿಶ್ ಅವರ ಹೆಸರು ಉಳಿದಿರುವುದು ಒಂದು ವಿಚಾರದ ಮೇಲೆ. ಲೋಹದ ತಂತಿಯೂ ಒಂದು ಎಳೆಯೇ ತಾನೆ, ನೂಲಿನಿಂದ ಮಾಡುವುದನ್ನೆಲ್ಲ ಅದರಿಂದ ಯಾಕೆ ಮಾಡಬಾರದು? ನೇಯ್ಗೆ, ಸ್ವೆಟರ್ ಹೆಣಿಗೆ, ಕ್ರೋಶಾ, ಜಡೆ, ಚಾಪೆಯ ಹೆಣಿಗೆ, ಬುಟ್ಟಿಯ ಹೆಣಿಗೆ, ಲೇಸ್ ಹೀಗೆ ಹೆಂಗಸರ ಕೈಕೆಲಸವೆಂದು ಮನೆಯೊಳಗೆ ಉಳಿದಿದ್ದ ಒಂದೊಂದು ವಿದ್ಯೆಯನ್ನೂ ಅವರು ಬೆಳ್ಳಿ-ಬಂಗಾರಕ್ಕೆ ಹಚ್ಚಿ ನೋಡಿದರು.

ಮಾತು ಸರಳವಾಗಿ ಕಂಡರೂ ಕೆಲಸ ಸರಳವಲ್ಲ. ಅಕ್ಕಸಾಲಿಯ ಮನೆಯಲ್ಲಿ ತಂತಿ ಎಳೆಯುವುದನ್ನು ನೋಡಿದವರಿಗೆ ಗೊತ್ತು. ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ತೂತುಗಳಿರುವ ಉಕ್ಕಿನ ಫಲಕದಲ್ಲಿ ಬೆಳ್ಳಿಯ ಕಂಬಿಯನ್ನು ಒಂದಾದ ಮೇಲೆ ಒಂದು ತೂತಿನಿಂದ ಎಳೆದೆಳೆದು ಸಣ್ಣದು ಮಾಡುತ್ತಾರೆ. ನಾಲ್ಕಾರು ತೂತು ದಾಟುವಷ್ಟರಲ್ಲಿ ತಂತಿ ಬಿರುಸಾಗುತ್ತದೆ. ಆಗ ಬೆಂಕಿಗೆ ಹಿಡಿದು ಕಾಯಿಸಿ ಮತ್ತೆ ಮೆದು ಮಾಡಬೇಕು. ಹೆಣೆಯುವಾಗಲೂ ಇದೇ ತೊಂದರೆ. ಪ್ರತಿ ಬಾಗಿನಲ್ಲೂ ತಂತಿ ಸ್ವಲ್ಪ ಸ್ವಲ್ಪ ಗಡುಸಾಗುತ್ತ ಹೋಗುತ್ತದೆ. ಉಣ್ಣೆಯ ಸ್ವೆಟರ್‌ನಲ್ಲಿ ಕಣ್ಣು ತಪ್ಪಿದರೆ ಸರ್ರನೆ ಬಿಚ್ಚಿ ಮತ್ತೆ ಹೆಣೆಯಬಹುದು. ತಂತಿಯಲ್ಲಿ ತಪ್ಪಿದರೆ ಬಿಚ್ಚಿದಲ್ಲಿ ಸುಕ್ಕು ಉಳಿಯುತ್ತದೆ, ಇಲ್ಲವೇ ಪಟ್ಟನೆ ತುಂಡಾಗುತ್ತದೆ. ಆದುದರಿಂದ ಇಂಥ ಕೆಲಸಕ್ಕೆ 925ರ ಬೆಳ್ಳಿಗಿಂತ ಮೆದುವಾದ 999ರ ಅಪ್ಪಟ ಬೆಳ್ಳಿಯೇ ಹೆಚ್ಚು ಒಪ್ಪುತ್ತದೆ. ತಂತಿಯ ದಪ್ಪ ಸುಮಾರು ಕಾಲು ಮಿಲಿಮೀಟರ್ ಇದ್ದರೆ ಸಾಕು.

ಲಾಭವೂ ದೊಡ್ಡದೇ. ಹೆಣೆದ ಆಭರಣಕ್ಕೆ ಬೆಸುಗೆ ಬೇಡ. ಗಟ್ಟಿ ತಗಡಿನಲ್ಲಿ ಮಾಡಿದರೆ ಹೊರಲಾರದಷ್ಟು ಭಾರವಾಗುವ ಅಗಲವಾದ ಕೊರಳಪಟ್ಟಿ, ಹೆಣಿಗೆಯಲ್ಲಿ ಬಟ್ಟೆಯಂತೆ ಹಗುರವಾಗಿ ಮೈಗೆ ಹೊಂದಿಕೊಳ್ಳುತ್ತದೆ. ಕಣ್ಣುಗಳ ನಡುವೆ ಗಾಳಿಯಾಡುತ್ತದೆ, ಬೆಳಕು ಸಾವಿರ ಕಡೆ ಮಿನುಗುತ್ತದೆ. ದೊಡ್ಡದಾಗಿ ಕಾಣಬೇಕು, ಭಾರವಿರಬಾರದು ಎಂಬ ಆಸೆ ಪ್ರತಿಯೊಬ್ಬ ಹೆಣ್ಣುಮಗಳಿಗೂ ಇದ್ದದ್ದೇ. ಟೊಳ್ಳು ಬಳೆಯನ್ನು ಅರಗು ತುಂಬಿ ಮಾಡುವುದು ನಮ್ಮ ಕಡೆಯ ಉಪಾಯ. ಫಿಶ್ ಅವರದು ಅರಗಿನ ಮೋಸವಿಲ್ಲದ ಉಪಾಯ.

ಲೋಹವನ್ನು ಹೆಣೆಯುವುದು ಅವರೇ ಮೊದಲು ಕಂಡುಹಿಡಿದ ವಿದ್ಯೆಯೇನಲ್ಲ. ಸ್ಕ್ಯಾಂಡಿನೇವಿಯ, ಬ್ರಿಟನ್‌ಗಳಲ್ಲಿ ನೆಲದಡಿ ಸಿಕ್ಕಿದ ವೈಕಿಂಗ್ ಕಾಲದ ನಿಕ್ಷೇಪಗಳಲ್ಲಿ ಬೆಳ್ಳಿ ತಂತಿಯಿಂದ ಹೆಣೆದ ಸರಪಳಿಗಳಿವೆ. ಆಶ್ಚರ್ಯವೆಂದರೆ ಅಲ್ಲಿನ ಪುರಾತತ್ವ ಪಂಡಿತರು ಆ ಹೆಣಿಗೆಯನ್ನು ಕರೆದದ್ದು 'ತ್ರಿಚಿನಾಪಳ್ಳಿ ಕೆಲಸ' ಎಂದು! ನಮ್ಮ ದಕ್ಷಿಣದ ತಿರುಚಿನಾಪಳ್ಳಿಯಿಂದ ಇಂಗ್ಲೆಂಡಿಗೆ ಹೋಗುತ್ತಿದ್ದ ಹೆಣೆದ ಸರಗಳನ್ನು ಅದು ಹೋಲುತ್ತಿದ್ದುದೇ ಆ ಹೆಸರಿಗೆ ಕಾರಣ. ಇನ್ನು ಜರಿಯ ವಿಷಯ ಹೇಳುವುದೇ ಬೇಡ. ಬೆಳ್ಳಿಯ ಎಳೆಗೆ ಬಂಗಾರದ ನೀರು ಕೊಟ್ಟು ರೇಷ್ಮೆಗೆ ಸುತ್ತಿ ಸೀರೆಯ ಸೆರಗಿಗೆ ನೇಯುವುದು ನಮ್ಮ ಹಳೆಯ ವಿದ್ಯೆ. ನಮ್ಮವರು ಬಟ್ಟೆಯೊಳಗೆ ಲೋಹವನ್ನು ತಂದರು, ಫಿಶ್ ಲೋಹದೊಳಗೆ ಬಟ್ಟೆಯನ್ನು ತಂದರು. ಚದುರಿಹೋಗಿದ್ದ ಈ ಎಲ್ಲ ರೀತಿಗಳನ್ನು ಒಂದೆಡೆ ಸೇರಿಸಿ, ಮಾಡಿ ನೋಡಿ, ಯಾರು ಬೇಕಾದರೂ ಕಲಿಯುವಂತೆ ಕ್ರಮಕ್ಕೆ ತಂದದ್ದು ಅವರ ಹೆಚ್ಚುಗಾರಿಕೆ.

1960ರ ದಶಕದ ಕೊನೆಗೆ ಅವರ ಆಭರಣಗಳು ಕೊರಳು, ಕಿವಿಯ ಎಲ್ಲೆ ದಾಟಿ ಇಡೀ ಮೈಗೆ ಹರಡಿದವು. 1971ರ ಒಂದು ಕೃತಿ ಬೆಳ್ಳಿಯದು, ಎದೆಯ ಮೇಲೂ ಬೆನ್ನ ಮೇಲೂ ಇಳಿಬೀಳುವಂಥದು. ಆಭರಣ ತೊಟ್ಟವರು ನಡೆದಾಗ, ತಿರುಗಿದಾಗ ಅದೂ ಚಲಿಸಬೇಕೆಂಬುದು ಅವರ ಎಣಿಕೆ. ಮುಂದಿನ ದಶಕಗಳಲ್ಲಿ ಹಿಂದಿನ ಯುರೋಪಿನ ರಾಜಮನೆತನದವರ ಚಿತ್ರಗಳಲ್ಲಿ ಕಾಣುವ ನೆರಿಗೆ ನೆರಿಗೆಯ ಕೊರಳಪಟ್ಟಿಗಳನ್ನು ತಂತಿಯಲ್ಲೇ ಹೆಣೆದರು. ಇದ್ದದ್ದನ್ನು ಇದ್ದಂತೆ ಹೇಳುವುದಾದರೆ, ಇವುಗಳಲ್ಲಿ ಕೆಲವನ್ನು ತೊಟ್ಟು ಲೋಕಲ್ ರೈಲು ಹತ್ತಲು ಸಾಧ್ಯವಿಲ್ಲ. ಊಟದ ಪಂಕ್ತಿಯಲ್ಲಿ ಕೂರುವುದೂ ಕಷ್ಟವೇ. ಆದರೆ ಯಕ್ಷಗಾನದ ಕಿರೀಟ, ಭುಜಕೀರ್ತಿಗಳನ್ನು ಯಾರಾದರೂ ಪೇಟೆಗೆ ತೊಟ್ಟು ಹೋಗುತ್ತಾರೆಯೇ? ಅದಕ್ಕೆ ಅದರದೇ ಸ್ಥಳ, ಹೊತ್ತು ಇದೆ. ಆ ದೃಷ್ಟಿಯಿಂದ ನೋಡಿದರೆ ಈ ಆಭರಣಗಳ ಹದ ಅರ್ಥವಾಗುತ್ತದೆ.

ಗುಟ್ಟು ಬಿಟ್ಟುಕೊಟ್ಟ ಪುಸ್ತಕ

1975ರಲ್ಲಿ ಫಿಶ್ ಅವರ 'ಟೆಕ್ಸ್‌ಟೈಲ್ ಟೆಕ್ನಿಕ್ಸ್ ಇನ್ ಮೆಟಲ್' ಎಂಬ ಪುಸ್ತಕ ಪ್ರಕಟವಾಯಿತು. ಬಟ್ಟೆಯ ವಿದ್ಯೆಗಳನ್ನು ಲೋಹಕ್ಕೆ ಅಳವಡಿಸುವ ಬಗೆಯನ್ನು ಚಿತ್ರಸಮೇತ ಹಂತ ಹಂತವಾಗಿ ವಿವರಿಸುವ ಈ ಪುಸ್ತಕ 1996ರಲ್ಲಿ ಪರಿಷ್ಕೃತವಾಗಿ ಮತ್ತೆ ಬಂತು. ಒಬ್ಬ ಕಲಾವಿದೆ ತನಗೆ ಹೆಸರು ತಂದ ಕೈಚಳಕವನ್ನೇ ಅಂಗಡಿಯಲ್ಲಿ ಸಿಗುವ ಪುಸ್ತಕವಾಗಿಸಿ ಎಲ್ಲರ ಕೈಗೆ ಕೊಡುವುದು ಸಣ್ಣ ಮಾತಲ್ಲ. ಸ್ವಂತ ಅಂಗಡಿ ಇಟ್ಟುಕೊಂಡವರು ಸಾಮಾನ್ಯವಾಗಿ ಈ ಕೆಲಸ ಮಾಡುವುದಿಲ್ಲ. ಬೆಸುಗೆಗೆ ಏನು ಬೆರೆಸುತ್ತಾರೆ, ಬಣ್ಣ ಹೇಗೆ ಕಟ್ಟುತ್ತಾರೆ ಎನ್ನುವುದು ಮನೆಯ ಗುಟ್ಟು, ಅನೇಕ ವೇಳೆ ಮಗಳಿಗೂ ಹೇಳದ ಗುಟ್ಟು. ಆ ಗುಟ್ಟು ಅವರ ಅನ್ನವಾದುದರಿಂದ ಅವರನ್ನು ದೂರುವ ಹಾಗೂ ಇಲ್ಲ. ಫಿಶ್ ಅವರಿಗೆ ಅನ್ನ ಕೊಡುತ್ತಿದ್ದುದು ಕಾಲೇಜಿನ ಸಂಬಳ. ತಿಂಗಳ ಕೊನೆಗೆ ತಪ್ಪದೆ ಬರುವ ಪಗಾರವಿದ್ದುದರಿಂದಲೇ ಗಿರಾಕಿಯ ಮರ್ಜಿ ಕಾಯದೆ ತನಗೆ ಸರಿಕಂಡ ಆಭರಣ ಮಾಡಲು, ತಿಳಿದದ್ದನ್ನು ಬಚ್ಚಿಡದೆ ಹೇಳಲು ಸಾಧ್ಯವಾಯಿತು. ಕಲಾವಿದರ ಬಗ್ಗೆ ಬರೆಯುವವರು ಈ ಪಗಾರದ ಮಾತನ್ನು ಏಕೋ ಬಿಟ್ಟುಬಿಡುತ್ತಾರೆ.

ತರಗತಿಯಲ್ಲಿ ಅವರು ಒಬ್ಬಂಟಿಯಾಗಿ ಉಳಿಯಲಿಲ್ಲ. 1975ರಲ್ಲಿ ಹೆಲೆನ್ ಶರ್ಕ್ ಎಂಬ ಇನ್ನೊಬ್ಬ ಲೋಹ ಕಲಾವಿದೆ ಸ್ಯಾನ್ ಡಿಯಾಗೊ ವಿಭಾಗಕ್ಕೆ ಅಧ್ಯಾಪಿಕೆಯಾಗಿ ಬಂದರು. ಎರಡೂವರೆ ದಶಕ ಇಬ್ಬರು ಮಹಿಳೆಯರು ಸೇರಿ ಈ ವಿಭಾಗವನ್ನು ಅಮೆರಿಕದ ಹೆಸರಾಂತ ಕಲಿಕಾ ಕೇಂದ್ರಗಳಲ್ಲಿ ಒಂದಾಗಿ ಬೆಳೆಸಿದರು. ನಮ್ಮಲ್ಲಿ ಹೆಂಗಸರು ಒಡವೆ ತೊಡುತ್ತಾರೆ, ಗಂಡಸರು ಮಾಡುತ್ತಾರೆ. ಅಗ್ಗಿಷ್ಟಿಕೆಯ ಮುಂದೆ ಅಕ್ಕಸಾಲಿಯ ಹೆಂಡತಿ, ಮಗಳು ಕೈಗೂಡಿಸಿದರೂ ಹೆಸರು ಗಂಡಸಿನದೇ. ಕಾಲೇಜಿನ ಬಾಗಿಲಿನಿಂದ ವಿದ್ಯೆ ಬಂದ ದೇಶದಲ್ಲಿ ಆ ಅಡ್ಡಿ ಮೊದಲು ಸಡಿಲಾಯಿತು ಎನ್ನುವುದು ಗಮನಿಸಬೇಕಾದ ಅಂಶ.

1980ರ ಜನವರಿ ತಿಂಗಳನ್ನು ಬೆಳ್ಳಿಯ ವ್ಯಾಪಾರಿಗಳು ಮರೆಯಲಾರರು. ಹಿಂದಿನ ವರ್ಷದ ಆರಂಭದಲ್ಲಿ ಔನ್ಸಿಗೆ 6 ಡಾಲರ್ ಆಸುಪಾಸಿನಲ್ಲಿದ್ದ ಬೆಳ್ಳಿ, ಟೆಕ್ಸಾಸ್‌ನ ಹಂಟ್ ಸಹೋದರರ ಭಾರೀ ಖರೀದಿಯ ಭರಾಟೆಯಲ್ಲಿ ಸುಮಾರು 50 ಡಾಲರ್ ಮುಟ್ಟಿ, ಕೆಲವೇ ವಾರಗಳಲ್ಲಿ ಕುಸಿಯಿತು. ತೂಕದ ಮೇಲೆ ನಿಂತ ವ್ಯಾಪಾರ ನಡುಗಿದಾಗ ಕೈಕೆಲಸದ ಮೇಲೆ ನಿಂತವರು ಬೇರೆ ಲೋಹ ಹುಡುಕಿದರು. ಆ ವರ್ಷಗಳಲ್ಲಿ ಅಮೆರಿಕದ ಅನೇಕ ಸ್ಟುಡಿಯೋ ಕಲಾವಿದರು ತಾಮ್ರ, ಟೈಟಾನಿಯಂ, ಅಲ್ಯೂಮಿನಿಯಂ ಕಡೆ ಹೊರಳಿದರು. ಫಿಶ್ ಅವರ ಮುಂದಿನ ಕೆಲಸಗಳಲ್ಲೂ ಬಣ್ಣದ ಲೇಪವಿರುವ ತಾಮ್ರದ ತಂತಿಗೆ ದೊಡ್ಡ ಸ್ಥಾನ ಸಿಕ್ಕಿತು. ಮೋಟಾರು, ಟ್ರಾನ್ಸ್‌ಫಾರ್ಮರ್‌ಗಳ ಸುರುಳಿಗೆ ಬಳಸುವ ತಂತಿಯ ಜಾತಿಯದೇ ಇದು. ಬೆಳ್ಳಿಯಲ್ಲಿ ಸಿಗದ ಕೆಂಪು, ಹಸಿರು, ನೇರಳೆ ಬಣ್ಣಗಳು ಇದರಿಂದ ಅವರ ಹೆಣಿಗೆಗೆ ಬಂದವು.

ಮಂಗಳೂರಿನ ಮಗಳು ಕಟ್ಟಿದ ಮಂಡಳಿಯಲ್ಲಿ

ಫಿಶ್ ಅವರ ಸೇವೆ ತರಗತಿಗೆ ಸೀಮಿತವಾಗಿರಲಿಲ್ಲ. ಅಮೆರಿಕದ ಅಕ್ಕಸಾಲಿ ಕಲಾವಿದರ ಸಂಘಟನೆಯಾದ 'ಸೊಸೈಟಿ ಆಫ್ ನಾರ್ತ್ ಅಮೆರಿಕನ್ ಗೋಲ್ಡ್‌ಸ್ಮಿತ್ಸ್' ಹುಟ್ಟಿದ ದಿನಗಳಿಂದಲೂ ಅದರಲ್ಲಿ ದುಡಿದು, 1980ರ ದಶಕದಲ್ಲಿ ಅದರ ಅಧ್ಯಕ್ಷೆಯಾದರು. ವಿಶ್ವ ಕರಕುಶಲ ಮಂಡಳಿಯಲ್ಲೂ ಪದಾಧಿಕಾರಿಯಾಗಿ ಸೇವೆ ಸಲ್ಲಿಸಿದರು. ಸಂಘ ಕಟ್ಟುವುದು, ಸಭೆ ಸೇರಿಸುವುದು, ಲೆಕ್ಕಪತ್ರ ಒಪ್ಪಿಸುವುದು ಎಷ್ಟು ತಲೆನೋವಿನ ಕೆಲಸವೆಂದು ನಮ್ಮ ಸಂಘ-ಸಂಸ್ಥೆಗಳ ಕಾರ್ಯದರ್ಶಿ, ಕೋಶಾಧಿಕಾರಿಗಳನ್ನು ಕೇಳಿದರೆ ಸಾಕು. ಕಲಾವಿದರು ಅದಕ್ಕೆ ಸಮಯ ಕೊಡುವುದು ಅಪರೂಪ.

ವಿಶ್ವ ಕರಕುಶಲ ಮಂಡಳಿ ಎಂದಾಗ ಕನ್ನಡಿಗರು ಕಿವಿ ನೆಟ್ಟಗೆ ಮಾಡಬೇಕು. 1964ರ ಜೂನ್‌ನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಈ ಮಂಡಳಿ ಸ್ಥಾಪನೆಯಾದಾಗ ಅದರ ಸ್ಥಾಪಕರಲ್ಲಿ ಅಮೆರಿಕದ ಐಲೀನ್ ಓಸ್‌ಬಾರ್ನ್ ವೆಬ್, ಮಾರ್ಗರೆಟ್ ಪ್ಯಾಚ್ ಅವರೊಂದಿಗೆ ಇದ್ದವರು ಕಮಲಾದೇವಿ ಚಟ್ಟೋಪಾಧ್ಯಾಯ. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಚುಕ್ಕಾಣಿ ಹಿಡಿದು, ಊರೂರು ಸುತ್ತಿ ನೇಕಾರರು, ಕುಂಬಾರರು, ಕಂಚುಗಾರರ ಕೆಲಸಕ್ಕೆ ದಿಲ್ಲಿಯಲ್ಲಿ ಮರ್ಯಾದೆ ತಂದವರು. ಅವರಿಗೆ 1966ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಸಂದಿತು. ಸ್ವಾತಂತ್ರ್ಯ ಹೋರಾಟದ ಕಮಲಾದೇವಿ ನಮಗೆ ನೆನಪಿದ್ದಾರೆ. ಆದರೆ ಕ್ಯಾಲಿಫೋರ್ನಿಯಾದ ಅಕ್ಕಸಾಲಿ ಅಧ್ಯಾಪಿಕೆಯೂ ಸೇವೆ ಸಲ್ಲಿಸಿದ ಒಂದು ಜಾಗತಿಕ ಮಂಡಳಿಗೆ ಅಡಿಗಲ್ಲು ಹಾಕಿದವರಲ್ಲಿ ಮಂಗಳೂರಿನ ಹೆಣ್ಣುಮಗಳೊಬ್ಬಳಿದ್ದಳು ಎಂಬುದು ಎಷ್ಟು ಜನರಿಗೆ ಗೊತ್ತು?

ಸಂದ ಗೌರವ

ಗೌರವ, ಪುರಸ್ಕಾರಗಳು ಫಿಶ್ ಅವರನ್ನು ಅರಸಿಕೊಂಡು ಬಂದವು. 1979ರಲ್ಲಿ ಅಮೆರಿಕನ್ ಕ್ರಾಫ್ಟ್ ಕೌನ್ಸಿಲ್‌ನ ಫೆಲೋ ಆದರು. 1985ರಲ್ಲಿ ಅವರಿಗೆ 'ಕ್ಯಾಲಿಫೋರ್ನಿಯಾದ ಜೀವಂತ ನಿಧಿ' ಎಂಬ ಗೌರವ ಸಂದಿತು. 1999ರಲ್ಲಿ ಅವರ ಆಭರಣಗಳ ಕುರಿತಾದ 'ಎಲೆಗಂಟ್ ಫ್ಯಾಂಟಸಿ' ಎಂಬ ಗ್ರಂಥ ಹೊರಬಂತು. 2000ದಲ್ಲಿ ನಿವೃತ್ತರಾದ ಮರುವರ್ಷವೇ ಕ್ರಾಫ್ಟ್ ಕೌನ್ಸಿಲ್ ತನ್ನ ಅತ್ಯುನ್ನತ ಗೌರವವಾದ ಚಿನ್ನದ ಪದಕವನ್ನು ಪ್ರದಾನ ಮಾಡಿತು. ಬಾಳಿಡೀ ತಂತಿಯನ್ನು ನಂಬಿದವರಿಗೆ ಕೊನೆಗೆ ಸಿಕ್ಕಿದ್ದು ಚಿನ್ನದ ಬಿಲ್ಲೆ!

ನಿವೃತ್ತಿಯ ನಂತರ ಕೈಗೆ ಬಿಡುವು ಕೊಡುವ ಜಾಯಮಾನ ಅವರದಾಗಿರಲಿಲ್ಲ. ಎಪ್ಪತ್ತು ದಾಟಿದ ಮೇಲೆ ಅವರು ಕೈಗೆತ್ತಿಕೊಂಡದ್ದು ಜೆಲ್ಲಿ ಮೀನುಗಳನ್ನು. ನಮ್ಮ ಕರಾವಳಿಯ ಮೀನುಗಾರರು ಬಲೆಗೆ ಬಿದ್ದರೆ ಶಪಿಸಿ ಆಚೆ ಎಸೆಯುವ, ಮುಟ್ಟಿದರೆ ಮೈ ಉರಿಯುವ ಅದೇ ಜೀವಿ. ನೀರಿನಲ್ಲಿ ಛತ್ರಿಯಂತೆ ಅರಳಿ, ಉದ್ದ ಎಳೆಗಳನ್ನು ಇಳಿಬಿಟ್ಟು ತೇಲುವ ಅದರ ಮೈ ಹೆಣಿಗೆಗೆ ಹೇಳಿ ಮಾಡಿಸಿದಂತಿದೆ. ಬಣ್ಣದ ತಾಮ್ರದ ತಂತಿಯಲ್ಲಿ ಅವರು ಜೆಲ್ಲಿ ಮೀನುಗಳ ಹಿಂಡನ್ನೇ ಹೆಣೆದು ಮೇಲಿನಿಂದ ತೂಗುಹಾಕಿದರು. 'ಸಮುದ್ರದಾಳದ ಜೀವಿಗಳು' ಎಂಬರ್ಥದ ಹೆಸರಿನ ಈ ಪ್ರದರ್ಶನ 2008ರಲ್ಲಿ ವಿಸ್ಕಾನ್ಸಿನ್ ರಾಜ್ಯದ ರಸೀನ್ ಕಲಾ ಸಂಗ್ರಹಾಲಯದಲ್ಲಿ ಜನರನ್ನು ಸೆಳೆಯಿತು. ಜನ ಓಡಾಡಿದಾಗ ಏಳುವ ಗಾಳಿಗೇ ಮೆಲ್ಲನೆ ಅಲುಗುವಷ್ಟು ಹಗುರ ಅವು. ಚಿನ್ನ, ಬೆಳ್ಳಿ ಯಾವುದೂ ಮುಖ್ಯವಲ್ಲದ, ಕೊರಳಿಗೂ ಹಾಕಲಾಗದ ಈ ಕೆಲಸವನ್ನು ಆಭರಣವೆಂದು ಕರೆಯಬಹುದೇ ಎಂದು ಹಳೆಯ ಅಕ್ಕಸಾಲಿಗರು ಕೇಳಿಯಾರು. ಕೇಳಲಿ. ಆದರೆ ಒಂದೊಂದು ಕಣ್ಣನ್ನೂ ಎಣಿಸಿ ಹೆಣೆದ ಕೈಯನ್ನು ಅವರು ಕಡೆಗಣಿಸಲಾರರು.

ಆಸಕ್ತರಿಗಾಗಿ

ನಮ್ಮ ಸಂಘಗಳ ಮಹಿಳಾ ವಿಭಾಗಗಳಲ್ಲಿ ಕ್ರೋಶಾ, ಹೆಣಿಗೆ ಬಲ್ಲ ಹಿರಿಯರಿಗೆ ಕೊರತೆಯಿಲ್ಲ. ರಂಗೋಲಿ, ಹೂ ಕಟ್ಟುವ ಸ್ಪರ್ಧೆಗಳ ಸಾಲಿನಲ್ಲಿ ತಂತಿಯ ಹೆಣಿಗೆಗೂ ಒಂದು ಮಧ್ಯಾಹ್ನ ಮೀಸಲಿಡಬಹುದು. ಖರ್ಚು ಹೆಚ್ಚಿಲ್ಲ. ವಿದ್ಯುತ್ ಸಾಮಾನುಗಳಿಗೆ ಹೆಸರಾದ ಲೋಹಾರ್ ಚಾಳ್‌ನಂಥ ಪೇಟೆಯಲ್ಲಿ ಮೋಟಾರು ವೈಂಡಿಂಗಿಗೆ ಬೇಕಾದ ತಾಮ್ರದ ತಂತಿ ವಿಚಾರಿಸಬೇಕು. ಅಮೆರಿಕದ ಪುಸ್ತಕಗಳು 30 ಗೇಜು ಎನ್ನುವ ತಂತಿ ನಮ್ಮ ಅಂಗಡಿಯ ಗೇಜಿನಲ್ಲಿ 32-33ರ ಆಸುಪಾಸು ಬರುತ್ತದೆ. ಗೊಂದಲವಾದರೆ ಕಾಲು ಮಿಲಿಮೀಟರ್ ಎಂದು ಕೇಳಿದರಾಯಿತು. ಸ್ಟೀಲಿನ ಕ್ರೋಶಾ ಕಡ್ಡಿ ಹಿಡಿದು ಮೊದಲು ಬರಿಯ ಸರಪಳಿ ಕಣ್ಣುಗಳನ್ನು ಸಡಿಲವಾಗಿ ಹಾಕಿ ಕೈ ಪಳಗಿಸಿಕೊಳ್ಳಬೇಕು. ನೂಲಿನಂತೆ ಬಿಗಿಯಾಗಿ ಎಳೆದರೆ ಎರಡನೇ ಸಾಲಿಗೆ ಕಡ್ಡಿ ತೂರುವುದಿಲ್ಲ. ಕ್ರೋಶಾ ಬಾರದ ಮಕ್ಕಳು ನೂಲಿನ ಮರದ ಉರುಳೆಗೆ ನಾಲ್ಕು ಮೊಳೆ ಹೊಡೆದು, ಮೊಳೆಗಳಿಗೆ ತಂತಿ ಸುತ್ತಿ ಒಂದರ ಮೇಲೊಂದು ಕಣ್ಣು ದಾಟಿಸುತ್ತ ಹೋದರೆ ಕೆಳಗಿನಿಂದ ಹಗ್ಗದಂಥ ಸರ ಇಳಿಯುತ್ತದೆ. ತಂತಿಯ ತುದಿ ಸೂಜಿಯಷ್ಟೇ ಚೂಪು. ಕತ್ತರಿಸಿದ ಕೂಡಲೇ ಒಳಕ್ಕೆ ಮಡಚಿಬಿಡಬೇಕು, ಕತ್ತರಿಸಿದ ಚೂರುಗಳನ್ನು ನೆಲದಲ್ಲಿ ಬಿಡದೆ ಒಂದು ಡಬ್ಬಿಗೆ ಹಾಕಬೇಕು.